ಮಕರಂದದಲ್ಲಿ ವಿಷ

ಕನ್ನಡ ಕಾವ್ಯವನ್ನು ಪಾಠ ಹೇಳುವವನಿಗೆ ತುಂಬಿಯ ಸಹವಾಸ ತಪ್ಪಿದ್ದಲ್ಲ. ತಾವರೆ ಇದ್ದಲ್ಲಿ ತುಂಬಿ ಇರಲೇಬೇಕು. ವಸಂತದ ವರ್ಣನೆ ಬಂದರೆ ಮಾವಿನ ಚಿಗುರು, ಕೋಗಿಲೆಯ ದನಿಗಳೊಡನೆ ತುಂಬಿಯ ಝೇಂಕಾರವೂ ಬರಲೇಬೇಕು. ನಮ್ಮ ಕವಿಗಳಿಗೆ ಬಹಳ ಮೆಚ್ಚಾದ ಛಂದಸ್ಸಿನ ಹೆಸರೇ ಷಟ್ಪದಿ. ಆರು ಪಾದಗಳುಳ್ಳದ್ದು ಎಂಬ ಅರ್ಥದಲ್ಲಿ ಆ ಮಾತು ಪದ್ಯಕ್ಕೂ ಸಲ್ಲುತ್ತದೆ, ತುಂಬಿಗೂ ಸಲ್ಲುತ್ತದೆ. ಹೀಗೆ ಲೋಕದ ಹೂಗಳನ್ನೆಲ್ಲ ತುಂಬಿಗೆ ಒಪ್ಪಿಸಿದ ಕವಿಗಳು ಒಂದು ಹೂವನ್ನು ಮಾತ್ರ ಅದರಿಂದ ದೂರ ಇಟ್ಟರು. ಅದು ಸಂಪಗೆ. ಎಷ್ಟೇ ಪರಿಮಳವಿದ್ದರೂ ಸಂಪಗೆಯ ಬಳಿಗೆ ತುಂಬಿ ಸುಳಿಯದು ಎಂಬುದು ನಡೆದುಬಂದ ಕವಿಸಮಯ. ಕವಿಸಮಯವೆಂದರೆ ಕವಿಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ಅದು ನಿಜವೋ ಸುಳ್ಳೋ ಎಂದು ಯಾರೂ ತೋಟಕ್ಕೆ ಹೋಗಿ ನೋಡುವ ಪದ್ಧತಿಯಿಲ್ಲ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಈ ವಿಚಾರವನ್ನು ಸ್ವಲ್ಪ ರಸವತ್ತಾಗಿಯೇ ವಿವರಿಸಿದ್ದೆ. ಮಾರನೆಯ ದಿನ ಒಬ್ಬ ಹುಡುಗ ಹಳೆಯ ಪತ್ರಿಕೆಯ ಹಾಳೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. ಬಿಚ್ಚಿದರೆ ನೀರುಕಾಯಿ ಮರದ ಹೂ; ಕೆಂಡದ ಬಣ್ಣದ, ಬಟ್ಟಲಿನಂತಹ ಹೂ. ಅದರ ತಳದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಹುಳುಗಳು ಐದಾರು ಸತ್ತು ಅಂಟಿಕೊಂಡಿದ್ದವು. ಮುಜಂಟಿ ಜೇನು. ಕೆಲವು ಕಡೆ ಮಿಸರಿ ಎಂದೂ ಕರೆಯುವ, ಕಚ್ಚದ, ಚುಚ್ಚದ ಸಾಧು ಜೀವಿ.

"ಸಾರ್, ತುಂಬಿ ಹತ್ತಿರ ಹೋಗದ ಹೂವು ಸಂಪಗೆ ಅಂದ್ರಿ. ಹೋಗಿ ಸತ್ತುಹೋಗೋ ಹೂವು ಇದು ಸಾರ್" ಎಂದ.

ಆ ಹುಡುಗನ ತಾತ ಮನೆಯ ಜಗಲಿಯಲ್ಲಿ ಮಡಕೆಯೊಳಗೆ ಮುಜಂಟಿ ಸಾಕಿದ್ದರಂತೆ. ಹೂವನ್ನು ಆಯ್ದದ್ದು ನಮ್ಮ ಶಾಲೆಯ ಮುಂದಿನ ಸಾಲಿನಿಂದ. ಆ ಸಾಲಿನ ನಾಲ್ಕು ಮರಗಳನ್ನೂ ಒಂದು ವನಮಹೋತ್ಸವದ ದಿನ ನೆಡಿಸಿದವನು ನಾನೇ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು. ಅಂದವಾಗಿ ಹೂ ಬಿಡುತ್ತದೆ, ಬೇಗ ಬೆಳೆಯುತ್ತದೆ ಎಂದು ಕೇಳಿ ಸಸಿ ತರಿಸಿದ್ದೆ. ಅದರ ಹೂವಿನೊಳಗೆ ಒಮ್ಮೆಯೂ ಇಣಿಕಿ ನೋಡಿದವನಲ್ಲ. ಹುಡುಗನಿಗೆ ಅಂದು ಏನೂ ಉತ್ತರ ಹೇಳಲಾಗಲಿಲ್ಲ. ಹೂವು ಜೇನನ್ನು ಕೊಲ್ಲುವುದುಂಟೆ? ಇದನ್ನು ಹಿಂದಿನವರು ಬಲ್ಲರೆ? ಈ ಪ್ರಶ್ನೆಗಳನ್ನು ಹಿಡಿದು ಪುಸ್ತಕಗಳಲ್ಲಿ ಹುಡುಕುತ್ತ ಹೋದಾಗ ಕಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ. ಇದು ಎರಡು ಸಾವಿರದ ನಾನೂರು ವರ್ಷಗಳ ಕಥೆ. ಅದರ ಬಹುಭಾಗದಲ್ಲಿ ಮನುಷ್ಯನು ತನ್ನ ಹೊಟ್ಟೆಯ ಯೋಚನೆಯನ್ನು ಮಾಡಿದನೇ ಹೊರತು ಜೇನಿನ ಯೋಚನೆಯನ್ನು ಮಾಡಲಿಲ್ಲ.

ಕಥೆ ಮೊದಲಾಗುವುದು ಕಪ್ಪು ಸಮುದ್ರದ ದಕ್ಷಿಣ ತೀರದಲ್ಲಿ. ಈಗಿನ ತುರ್ಕಿ ದೇಶದಲ್ಲಿ. ಪರ್ಷಿಯದ ರಾಜಕುಮಾರ ಸೈರಸನು ಅಣ್ಣನ ಸಿಂಹಾಸನಕ್ಕೆ ಆಸೆಪಟ್ಟು, ಸುಮಾರು ಹತ್ತು ಸಾವಿರ ಮಂದಿ ಗ್ರೀಕ್ ಯೋಧರನ್ನು ಸಂಬಳಕ್ಕೆ ಹಿಡಿದು ದಂಡೆತ್ತಿ ಹೋದ. ಕ್ರಿ. ಪೂ. ೪೦೧ರಲ್ಲಿ ಬ್ಯಾಬಿಲೋನಿನ ಹತ್ತಿರ ಕುನಾಕ್ಸ ಎಂಬಲ್ಲಿ ನಡೆದ ಯುದ್ಧದಲ್ಲಿ ಸೈರಸನೇ ಸತ್ತ. ಕರೆತಂದ ಒಡೆಯನಿಲ್ಲದೆ, ಪರದೇಶದ ನಟ್ಟನಡುವೆ ನಿಂತ ಆ ಸೈನ್ಯ ಹಿಮದ ಬೆಟ್ಟಗಳನ್ನು ದಾಟಿ, ದಾರಿಯುದ್ದಕ್ಕೂ ಕಾದಾಡುತ್ತ ಉತ್ತರದ ಸಮುದ್ರದ ಕಡೆಗೆ ನಡೆಯಿತು. ಅವರನ್ನು ನಡೆಸಿದವರಲ್ಲಿ ಒಬ್ಬ ಜೆನೊಫೋನ್, ಸಾಕ್ರಟೀಸನ ಶಿಷ್ಯ. ಆತ ಈ ಯಾತ್ರೆಯ ವೃತ್ತಾಂತವನ್ನು 'ಅನಬಾಸಿಸ್' ಎಂಬ ಗ್ರಂಥವಾಗಿ ಬರೆದಿಟ್ಟ.

ಹಲವು ತಿಂಗಳ ನಡಿಗೆಯ ಮೇಲೆ ಸೈನ್ಯವು ಟ್ರಪೆಜಸ್ ಎಂಬ ಗ್ರೀಕ್ ಪಟ್ಟಣದ ಸಮೀಪಕ್ಕೆ ಬಂತು. ಅದು ಇಂದಿನ ಟ್ರಾಬ್ಜಾನ್. ಬೆಟ್ಟದ ಮೇಲಿನ ಕೋಲ್ಕಿಯರನ್ನು ಓಡಿಸಿ, ಅವರ ಹಳ್ಳಿಗಳಲ್ಲಿ ಬೀಡುಬಿಟ್ಟಿತು. ಆಹಾರಕ್ಕೆ ಕೊರತೆಯಿರಲಿಲ್ಲ, ಜೇನುಗೂಡುಗಳಂತೂ ಹೇರಳವಾಗಿದ್ದವು. ಸಿಪಾಯಿಗಳು ಎರಿಗಳನ್ನು ಕಿತ್ತು ತಿಂದರು. ತಿಂದವರಿಗೆಲ್ಲ ಬುದ್ಧಿ ಕೆಟ್ಟಿತು, ವಾಂತಿ ಭೇದಿಗಳಾದವು, ಎದ್ದು ನಿಲ್ಲಲು ಆಗಲಿಲ್ಲ. ಸ್ವಲ್ಪ ತಿಂದವರು ಕುಡಿದು ಅಮಲೇರಿದವರಂತೆ, ಹೆಚ್ಚು ತಿಂದವರು ಹುಚ್ಚರಂತೆ, ಕೆಲವರು ಸಾಯುವವರಂತೆಯೇ ಕಂಡರು. ಸೋತ ಸೈನ್ಯದ ಹಾಗೆ ನೆಲದ ತುಂಬ ಬಿದ್ದುಕೊಂಡರು. ಆದರೆ ಮಾರನೆಯ ದಿನ ಒಬ್ಬರೂ ಸತ್ತಿರಲಿಲ್ಲ. ತಿಂದ ಹೊತ್ತು ತಿರುಗಿ ಬರುವ ವೇಳೆಗೆ ಬುದ್ಧಿ ತಿಳಿಯಾಯಿತು. ಮೂರನೆಯ ನಾಲ್ಕನೆಯ ದಿನಕ್ಕೆ, ಔಷಧ ಕುಡಿದು ಎದ್ದವರಂತೆ ಎದ್ದರು. ಜೆನೊಫೋನ್ ಇದನ್ನು ಬಣ್ಣ ಹಚ್ಚದೆ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾನೆ. ಇಂದಿನ ವೈದ್ಯರು ಆ ಕಡೆಯ ರೋಗಿಗಳಲ್ಲಿ ಕಾಣುವ ಲಕ್ಷಣಗಳೂ ಬಹುಮಟ್ಟಿಗೆ ಇವೇ.

ಮುನ್ನೂರು ವರ್ಷಗಳಿಗೂ ಮೀರಿ ಕಳೆದ ಮೇಲೆ ಅದೇ ಸೀಮೆಗೆ ರೋಮಿನ ದಂಡು ಬಂತು. ಪಾಂಟಸ್ಸಿನ ದೊರೆ ಮಿಥ್ರಿಡೇಟಿಸನನ್ನು ಹಣಿಯಲು ಬಂದ ದಂಡನಾಯಕ ಪಾಂಪೆ. ಆ ನಾಡಿನವನೇ ಆದ ಭೂಗೋಳಕಾರ ಸ್ಟ್ರಾಬೊ ಹೇಳುವಂತೆ, ಬೆಟ್ಟದ ಒಂದು ಬುಡಕಟ್ಟಿನವರು ಈ ಮರುಳು ಜೇನನ್ನು ಬೋಗುಣಿಗಳಲ್ಲಿ ಕಲಸಿ ದಾರಿಯಲ್ಲಿ ಇಟ್ಟರು. ದಣಿದ ಸಿಪಾಯಿಗಳು ಕುಡಿದು ಮೈಮರೆತರು. ಬೆಟ್ಟದವರು ಇಳಿದು ಬಂದು ಮೂರು ತುಕಡಿಗಳನ್ನು ಕೊಚ್ಚಿಹಾಕಿದರು. ಜೆನೊಫೋನನ ಕಾಲದಲ್ಲಿ ಆಕಸ್ಮಿಕವಾಗಿದ್ದುದು ಇಲ್ಲಿ ಆಯುಧವಾಯಿತು.

ಕ್ರಿ. ಶ. ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ ತನ್ನ ಸೃಷ್ಟಿವಿಜ್ಞಾನದ ಬೃಹದ್ಗ್ರಂಥದಲ್ಲಿ ಈ ಜೇನಿಗೆ ಒಂದಷ್ಟು ಜಾಗ ಕೊಟ್ಟಿದ್ದಾನೆ. ಕಪ್ಪು ಸಮುದ್ರದ ದಂಡೆಯ ಒಂದು ಜನಾಂಗದವರು ರೋಮಿಗೆ ಕಪ್ಪವಾಗಿ ಮೇಣವನ್ನು ಒಪ್ಪಿಸುತ್ತಿದ್ದರು, ವಿಷವೆಂಬ ಕಾರಣದಿಂದ ಜೇನುತುಪ್ಪವನ್ನು ಮಾತ್ರ ಕೊಡುತ್ತಿರಲಿಲ್ಲ ಎನ್ನುತ್ತಾನೆ. ಹುಚ್ಚು ಹಿಡಿಸುವ ಜೇನು ರೋಡೊಡೆಂಡ್ರನ್ ಹೂವಿನಿಂದ ಬರುತ್ತದೆ ಎಂಬ ನಂಬಿಕೆಯನ್ನೂ ದಾಖಲಿಸಿದ್ದಾನೆ. ಅದರ ಗುರುತುಗಳನ್ನು ಪಟ್ಟಿ ಮಾಡಿದ್ದಾನೆ. ಪರಿಹಾರವಾಗಿ ಹಳೆಯ ಜೇನುಮದ್ಯ, ನಾಗದಾಳಿ ಸೊಪ್ಪು, ಉಪ್ಪುಮೀನುಗಳನ್ನು ಹೇಳಿದ್ದಾನೆ. ಇಷ್ಟು ವಿಚಾರಿಸಿದವನು ಒಂದನ್ನು ವಿಚಾರಿಸಲಿಲ್ಲ. ಆ ವಿಷವನ್ನು ಹೂವಿನಿಂದ ಹೀರಿ, ಹೊಟ್ಟೆಯಲ್ಲಿ ಹೊತ್ತು, ಗೂಡಿಗೆ ತಂದು ಹಾಕಿದ ಜೇನುಹುಳು ಏನಾಯಿತು?

ಹಳಬರಲ್ಲಿ ಈ ದಿಕ್ಕಿನಲ್ಲಿ ಒಂದು ಮಾತು ಆಡಿದವನು ಕವಿ ವರ್ಜಿಲ್. ಕ್ರಿ. ಪೂ. ೨೯ರ ಹೊತ್ತಿಗೆ ಮುಗಿದ ಆತನ ಕೃಷಿಕಾವ್ಯದ ನಾಲ್ಕನೆಯ ಭಾಗವೆಲ್ಲ ಜೇನಿನ ಸಾಕಣೆಯೇ. ಅದರಲ್ಲಿ, ಜೇನುಗೂಡಿನ ಸಮೀಪ ಯೂ ಎಂಬ ವಿಷದ ಮರವನ್ನು ಬೆಳೆಸಬೇಡಿ ಎಂಬ ಎಚ್ಚರಿಕೆಯುಂಟು. ನನ್ನಂತಹ ಪಂಡಿತನಿಗೆ ಇದು ಸಮಾಧಾನದ ಸಂಗತಿ: ಜೇನಿನ ಪರವಾಗಿ ಮೊದಲು ಮಾತಾಡಿದವರ ಸಾಲಿನಲ್ಲಿ ಒಬ್ಬ ಕವಿಯಿದ್ದಾನೆ. ಆದರೆ ಅದೂ ಹಿರಿಯರ ಮಾತಾಗಿ ಉಳಿಯಿತೇ ಹೊರತು ಪರೀಕ್ಷೆಯಾಗಲಿಲ್ಲ.

ಮುಂದೆ ಬಹುಕಾಲ ಕಥೆ ಅಲ್ಲೇ ನಿಂತಿತು. ೧೭೦೧ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಟೂರ್ನಫೋರ್ ಕಪ್ಪು ಸಮುದ್ರದ ತೀರವನ್ನು ಹಿಡಿದು ಟ್ರಾಬ್ಜಾನಿಗೆ ಹೋದ. ಜೆನೊಫೋನನ ಗ್ರಂಥ ಅವನ ತಲೆಯಲ್ಲಿತ್ತು, ಗಿಡಗಳು ಕಣ್ಣೆದುರಿಗಿದ್ದವು. ನೇರಿಳೆ ಬಣ್ಣದ ಹೂವಿನದೊಂದು, ಹಳದಿ ಹೂವಿನದೊಂದು, ಹೀಗೆ ಎರಡು ರೋಡೊಡೆಂಡ್ರನ್ ಜಾತಿಗಳನ್ನು ವರ್ಣಿಸಿ, ಪ್ರಾಚೀನರು ಹೇಳಿದ ಮರುಳು ಜೇನಿಗೆ ಮೂಲ ಇವೇ ಇರಬೇಕೆಂದು ಕಂಡುಕೊಂಡ. ರೋಡೊಡೆಂಡ್ರನ್ ನಮಗೂ ತೀರ ಅಪರಿಚಿತವಲ್ಲ. ಹಿಮಾಲಯದಲ್ಲಿ ಇದರ ಹಲವು ಜಾತಿಗಳಿವೆ; ನೀಲಗಿರಿಯ ಎತ್ತರದಲ್ಲಿ ಕೆಂಪು ಹೂ ಬಿಡುವ ಒಂದು ಜಾತಿಯುಂಟು. ನೇಪಾಳದ ಬಂಡೆಗಳಲ್ಲಿ ಗೂಡು ಕಟ್ಟುವ ದೊಡ್ಡ ಜೇನು ವಸಂತದಲ್ಲಿ ಕೂಡಿಡುವ ಅಮಲಿನ ತುಪ್ಪಕ್ಕೆ ಈ ಕುಲದ ಹೂಗಳೇ ಕಾರಣ.

ಅಮೆರಿಕದಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಫಿಲಡೆಲ್ಫಿಯದ ಬೆಂಜಮಿನ್ ಸ್ಮಿತ್ ಬಾರ್ಟನ್ ಎಂಬ ವೈದ್ಯ ೧೭೯೪ರಲ್ಲಿ ಅಲ್ಲಿನ ವಿದ್ವತ್ಸಭೆಯ ಮುಂದೆ ಉತ್ತರ ಅಮೆರಿಕದ ವಿಷದ ಜೇನುತುಪ್ಪವನ್ನು ಕುರಿತು ಒಂದು ಪ್ರಬಂಧವನ್ನು ಓದಿದ. ಅದರಲ್ಲಿ ಹೀಗೊಂದು ಪ್ರಸಂಗ. ಪೆನ್ಸಿಲ್ವೇನಿಯದ ಕೆಲವರು ಯುವಕರು ಲಾಭದ ಆಸೆಯಿಂದ ಜೇನುಗೂಡುಗಳನ್ನು ನ್ಯೂಜೆರ್ಸಿಯ ಬಯಲುಗಳಿಗೆ ಸಾಗಿಸಿದರು. ಅಲ್ಲಿ ರೋಡೊಡೆಂಡ್ರನ್ನಿನ ಬಂಧುವಾದ ಕಾಲ್ಮಿಯ ಗಿಡಗಳು ಹೂ ತುಂಬಿ ನಿಂತಿದ್ದವು. ಜೇನುಕುಟುಂಬಗಳು ನೋಡನೋಡುತ್ತ ವೃದ್ಧಿಯಾದವು. ತುಪ್ಪವನ್ನು ತಿಂದವರಿಗೆ ಮಾತ್ರ ತಲೆ ತಿರುಗಿತು. ಹೂವಿನ ವಿಷ ಮನುಷ್ಯನಿಗೆ ತಾಕುತ್ತದೆ, ಜೇನಿಗೆ ತಾಕುವುದಿಲ್ಲ ಎಂದು ಇಂಥ ಪ್ರಸಂಗಗಳಿಂದ ತೋರುವುದು ಸಹಜವೇ. ಜೇನು ಸುಖವಾಗಿದೆ ಎಂದಮೇಲೆ ಅದನ್ನು ಕುರಿತು ಕೇಳುವುದೇನಿದೆ?

ಹೂವಿಗೂ ಹುಳುವಿಗೂ ಇರುವ ನಂಟನ್ನು ಒಂದು ಶಾಸ್ತ್ರವಾಗಿ ಕಂಡವನು ನನ್ನ ಹಾಗೆ ಒಬ್ಬ ಶಾಲಾ ಮೇಷ್ಟ್ರು. ಬರ್ಲಿನ್ನಿನ ಹತ್ತಿರದ ಸ್ಪಾಂಡೌ ಎಂಬ ಊರಿನ ಶಾಲೆಯ ಮುಖ್ಯಸ್ಥ, ಕ್ರಿಸ್ಟಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಹೂವಿನ ಬಣ್ಣ, ಗೆರೆ, ಮಕರಂದ ಎಲ್ಲವೂ ಹುಳುವನ್ನು ಕರೆದು, ಅದರ ಮೈಗೆ ಪರಾಗ ಹಚ್ಚಿ ಕಳುಹಿಸುವ ಏರ್ಪಾಡುಗಳೆಂದು ಆತ ೧೭೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ೪೬೧ ಜಾತಿಯ ಸಸ್ಯಗಳನ್ನು ವಿವರಿಸಿ ತೋರಿಸಿದ. ಮಕರಂದವಿದೆಯೆಂದು ತೋರಿಸಿ ಏನನ್ನೂ ಕೊಡದೆ ಹುಳುವನ್ನು ವಂಚಿಸುವ ಹೂಗಳನ್ನೂ ಆತ ಕಂಡಿದ್ದ. ಬಹುಕಾಲ ಲೋಕ ಅವನ ಗ್ರಂಥವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷವೇ ಅವನನ್ನು ಶಾಲೆಯ ಕೆಲಸದಿಂದ ಬಿಡಿಸಿದರು. ಅರ್ಧ ಶತಮಾನದ ಮೇಲೆ ಡಾರ್ವಿನ್ ಆ ಪುಸ್ತಕವನ್ನು ಓದಿ ತಲೆದೂಗಿದ ನಂತರವೇ ಅದಕ್ಕೆ ಬೆಲೆ ಬಂತು. ಹೂವು ಹುಳುವಿಗೆ ಊಟ ಕೊಡುತ್ತದೆ, ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ ಎಂಬಲ್ಲಿಗೆ ತಿಳಿವಳಿಕೆ ಬಂದಂತಾಯಿತು. ವಿಷವನ್ನೂ ಉಣಿಸುತ್ತದೆಯೆ ಎಂಬುದು ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಪಶ್ಚಿಮದ ಅಂಚಿನಲ್ಲಿ. ನಾವು ಪೆಟ್ಟಿಗೆಗಳಲ್ಲಿ ಕಾಣುವ ಯುರೋಪಿನ ಜೇನು ಅಮೆರಿಕದ ಮೂಲನಿವಾಸಿಯಲ್ಲ. ವಲಸೆ ಹೋದ ಬಿಳಿಯರು ಹದಿನೇಳನೆಯ ಶತಮಾನದಲ್ಲಿ ಹಡಗಿನಲ್ಲಿ ಕೊಂಡೊಯ್ದದ್ದು. ಕ್ಯಾಲಿಫೋರ್ನಿಯಕ್ಕೆ ಅದು ಕಾಲಿಟ್ಟದ್ದು ೧೮೫೩ರಲ್ಲಿ. ಅಲ್ಲಿನ ಬೆಟ್ಟದ ಇಳಿಜಾರುಗಳಲ್ಲಿ ಬಕಾಯ್ ಎಂಬ ಮರವಿದೆ. ಬೇಸಿಗೆಯ ಮೊದಲಲ್ಲಿ, ಉಳಿದ ಹೂಗಳು ಬಾಡುವ ಹೊತ್ತಿಗೆ, ಬಿಳಿಯ ಗೊಂಚಲುಗಳನ್ನು ಬಿಡುತ್ತದೆ. ಅಲ್ಲಿನ ಆದಿವಾಸಿಗಳು ಅದರ ಬೀಜವನ್ನು ಕುಟ್ಟಿ ನೀರಿಗೆ ಹಾಕಿ ಮೀನುಗಳನ್ನು ಮಂಕಾಗಿಸಿ ಹಿಡಿಯುತ್ತಿದ್ದರು. ಇತರ ಆಹಾರ ಸಿಗದ ದಿನಗಳಲ್ಲಿ ಹೊಸದಾಗಿ ಬಂದ ಜೇನು ಈ ಹೂವಿಗೆ ಮುತ್ತಿತು.

ಪರಿಣಾಮವನ್ನು ಜೇನು ಸಾಕುವವರು ಗೂಡು ತೆರೆದು ನೋಡಿದರು. ದುಡಿಯುವ ಹುಳುಗಳ ಮೈಮೇಲಿನ ರೋಮ ಉದುರಿ ಕಪ್ಪಗೆ ಹೊಳೆಯುತ್ತಿದ್ದವು; ನಡುಗುತ್ತಿದ್ದವು. ರಾಣಿ ಇಟ್ಟ ಮೊಟ್ಟೆಗಳು ಒಡೆಯುತ್ತಿರಲಿಲ್ಲ; ಒಡೆದರೂ ಮರಿ ಬದುಕುತ್ತಿರಲಿಲ್ಲ. ಹೊರಬಂದ ಎಳೆಯ ಜೇನುಗಳ ರೆಕ್ಕೆ ಸೊಟ್ಟಗಿರುತ್ತಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಾನ್ಸೆಲ್ ಎಂಬ ವಿಜ್ಞಾನಿ ೧೯೨೬ರಲ್ಲಿ ಈ ವಿಷಯವನ್ನೇ ಕುರಿತು ಒಂದು ಪುಸ್ತಿಕೆಯನ್ನು ಹೊರತಂದ. ಜೆನೊಫೋನನಿಂದ ಲೆಕ್ಕ ಹಾಕಿದರೆ ಎರಡು ಸಾವಿರದ ಮುನ್ನೂರು ವರ್ಷಗಳ ಮೇಲೆ ಪ್ರಶ್ನೆ ತಿರುಗಿತು: ಜೇನು ತಿಂದ ಮನುಷ್ಯನಿಗೆ ಏನಾಯಿತು ಎಂಬುದರ ಬದಲು, ಹೂವನ್ನು ಉಂಡ ಜೇನಿಗೆ ಏನಾಯಿತು ಎಂದು. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಆ ನಾಡಿನಲ್ಲೇ ಹುಟ್ಟಿ ಬೆಳೆದ ಕಾಡುಜೇನುಗಳು ಅದೇ ಬಕಾಯ್ ಹೂವಿಗೆ ಬಂದು ಉಂಡು ಸುಖವಾಗಿ ಹೋಗುತ್ತವೆ. ಸಾಯುವುದು ಹೊರಗಿನಿಂದ ಬಂದದ್ದು ಮಾತ್ರ.

ರೋಡೊಡೆಂಡ್ರನ್ನಿನ ಕಥೆಯನ್ನು ಮುಗಿಸಿದವರು ಐರ್ಲೆಂಡಿನ ವಿಜ್ಞಾನಿಗಳು. ಈ ಗಿಡದ ವಿಷಕ್ಕೆ ಈಗ ಗ್ರಯಾನೊಟಾಕ್ಸಿನ್ ಎಂದು ಹೆಸರು. ನಮ್ಮ ನರಗಳಲ್ಲಿ ಸಂದೇಶ ಹರಿಯಬೇಕಾದರೆ ಸೋಡಿಯಂ ಕಣಗಳು ಒಳನುಗ್ಗುವ ಅತಿಸೂಕ್ಷ್ಮವಾದ ಬಾಗಿಲುಗಳು ತೆರೆದು ಮುಚ್ಚಬೇಕು. ಈ ವಿಷ ಆ ಬಾಗಿಲುಗಳನ್ನು ಮುಚ್ಚಗೊಡದೆ ಹಿಡಿದು ನಿಲ್ಲುತ್ತದೆ. ಅದರಿಂದ ಮನುಷ್ಯನ ನಾಡಿ ನಿಧಾನವಾಗುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ, ತಲೆ ಸುತ್ತುತ್ತದೆ. ಜೆನೊಫೋನನ ಸಿಪಾಯಿಗಳು ನೆಲಕ್ಕೆ ಬಿದ್ದ ರಹಸ್ಯ ಇದು. ನರವಿರುವ ಹುಳುವಿನಲ್ಲೂ ಇಂಥ ಬಾಗಿಲುಗಳುಂಟು.

ಹದಿನೆಂಟನೆಯ ಶತಮಾನದಲ್ಲಿ ಅಂದಕ್ಕಾಗಿ ಬ್ರಿಟನ್, ಐರ್ಲೆಂಡುಗಳ ಉದ್ಯಾನಗಳಿಗೆ ತಂದ ಈ ಗಿಡ, ಬೇಲಿ ಹಾರಿ ಕಾಡಿಗೆ ನುಗ್ಗಿ, ಅಲ್ಲಿನ ಗಿಡಗಳನ್ನು ನೆರಳಿನಲ್ಲಿ ಅದುಮಿ ಬೆಳೆಯಿತು. ಅಲ್ಲಿಗೆ ಹೋದದ್ದು ಹೆಚ್ಚಾಗಿ ಸ್ಪೇನಿನ ಕಡೆಯ ತಳಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಎರಿನ್ ಜೋ ಟೀಡಕೆನ್, ಜೇನ್ ಸ್ಟೌಟ್ ಮತ್ತು ಅವರ ಸಂಗಡಿಗರು ಇದರ ಮಕರಂದದಲ್ಲಿರುವಷ್ಟೇ ವಿಷವನ್ನು ಸಕ್ಕರೆಪಾಕದಲ್ಲಿ ಬೆರಸಿ ಮೂರು ಬಗೆಯ ಹುಳುಗಳಿಗೆ ಉಣಿಸಿ ನೋಡಿದರು. ೨೦೧೫-೧೬ರಲ್ಲಿ ಫಲಿತಾಂಶ ಪ್ರಕಟವಾಯಿತು. ಜೇನುಹುಳುಗಳು ಕೆಲವೇ ಗಂಟೆಗಳಲ್ಲಿ ಸತ್ತವು. ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಒಂದು ಜಾತಿಯ ಹುಳು ಸಾಯಲಿಲ್ಲ. ಆದರೆ ಮಂಕಾಗಿ, ಕೈಕಾಲು ಸೋತು ಬಿದ್ದಿತು. ಮೈತುಂಬ ರೋಮವಿರುವ, ಬಂಬಲ್ ಬೀ ಎಂಬ ದಪ್ಪನೆಯ ದುಂಬಿಗೆ ಏನೂ ಆಗಲಿಲ್ಲ. ಹಸಿದಿದ್ದಾಗಲೂ, ಮೈಯಲ್ಲಿ ರೋಗಾಣುವಿದ್ದಾಗಲೂ ಅದು ವಿಷವನ್ನು ಅರಗಿಸಿಕೊಂಡಿತು.

ಒಂದೇ ಹೂವು, ಒಂದೇ ವಿಷ. ಒಬ್ಬನಿಗೆ ಮರಣ, ಒಬ್ಬನಿಗೆ ಜ್ವರ, ಒಬ್ಬನಿಗೆ ಮೃಷ್ಟಾನ್ನ. ಅಷ್ಟೇ ಅಲ್ಲ. ಕಪ್ಪು ಸಮುದ್ರದ ದಂಡೆಯ ಜೇನು ಇದೇ ಜಾತಿಯ ಹೂವಿನಿಂದ ತಲೆತಲಾಂತರಗಳಿಂದ ತುಪ್ಪ ಕೂಡಿಡುತ್ತಲೇ ಬಂದಿದೆ. ಗಿಡದ ವಿಷವೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ. ತವರಾದ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಇರುವುದಕ್ಕಿಂತ ಹೊಸ ನೆಲೆಗಳಲ್ಲಿ ಮಕರಂದದ ವಿಷ ಕಡಮೆಯೆಂದೂ, ಕೆಲವು ಕಡೆ ಅದು ಇಲ್ಲವೇ ಇಲ್ಲವೆಂದೂ ಅವರ ಬಳಗದ ಇನ್ನೊಂದು ಪರಿಶೀಲನೆ ತೋರಿಸಿತು. ಆದುದರಿಂದ 'ಈ ಹೂವು ಜೇನಿಗೆ ವಿಷ' ಎಂಬ ವಾಕ್ಯ ವ್ಯಾಕರಣಕ್ಕೆ ಸರಿಯಾದರೂ ಅರ್ಥಕ್ಕೆ ಅಪೂರ್ಣ. ಯಾವ ಜೇನಿಗೆ, ಯಾವ ನೆಲದಲ್ಲಿ, ಎಷ್ಟು ಉಂಡಾಗ ಎಂಬ ಮೂರು ಪದಗಳನ್ನು ಸೇರಿಸಿದಾಗಲೇ ಅದು ಪೂರ್ಣ.

ಗಿಡವು ತನ್ನನ್ನು ಸೇವಿಸಲು ಬಂದ ಅತಿಥಿಗೆ ವಿಷವಿಕ್ಕುವುದೇಕೆ? ಈ ಬಗ್ಗೆ ವಿದ್ವಾಂಸರು ಹಲವು ತೆರನಾಗಿ ಯೋಚಿಸಿದ್ದಾರೆ. ಎಲೆಯನ್ನು ಮೇಯುವ ಹುಳುಗಳಿಂದ ಉಳಿಯಲು ಗಿಡ ಮಾಡಿಕೊಂಡ ವಿಷವೇ ರಸದೊಡನೆ ಹರಿದು ಮಕರಂದಕ್ಕೂ ಸೇರುತ್ತದೆ ಎಂಬುದು ಒಂದು ಪಕ್ಷ. ಪರಾಗವನ್ನು ಸಾಗಿಸದೆ ಬರಿದೆ ಉಂಡುಹೋಗುವ ಕಳ್ಳರನ್ನು ದೂರವಿಟ್ಟು, ನೆಚ್ಚಿನ ಸೇವಕರಿಗೆ ಮಾತ್ರ ಊಟವನ್ನು ಕಾದಿಡುವ ಉಪಾಯ ಎಂಬುದು ಇನ್ನೊಂದು ಪಕ್ಷ. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಯನ್ನು ತಿರುಗಿಸಿದರೂ ನಿಜವೇ ಎಂಬುದಕ್ಕೆ ಕಾಫಿಯ ಹೂವು ಸಾಕ್ಷಿ. ಕೊಡಗು, ಚಿಕ್ಕಮಗಳೂರುಗಳಲ್ಲಿ ಹೂಮಳೆ ಬಿದ್ದ ಕೆಲವು ದಿನಗಳಿಗೆ ತೋಟವೆಲ್ಲ ಮಲ್ಲಿಗೆ ಸುರಿದಂತೆ ಬೆಳ್ಳಗಾಗುವುದನ್ನು ಕಂಡವರುಂಟು. ಆ ಹೂವಿನ ಮಕರಂದದಲ್ಲೂ ಕೆಫೀನ್ ಇದೆ. ಹೆಚ್ಚಾದರೆ ಅದು ಕಹಿ. ಹುಳುವನ್ನು ದೂರ ಓಡಿಸುವಂತಹುದು. ಹೂವಿನಲ್ಲಿರುವ ಅತ್ಯಲ್ಪ ಪ್ರಮಾಣದಲ್ಲಿ ಅದು ಜೇನಿಗೆ ಆ ಹೂವಿನ ವಾಸನೆ ಹೆಚ್ಚು ಕಾಲ ನೆನಪಿರುವಂತೆ ಮಾಡುತ್ತದೆ ಎಂದು ಇಂಗ್ಲೆಂಡಿನ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು ೨೦೧೩ರಲ್ಲಿ ತೋರಿಸಿದರು. ಬೆಳಗಿನ ಕಾಫಿಗೆ ನಾವು ಮರಳಿ ಮರಳಿ ಬರುವಂತೆ ಜೇನೂ ಬರುತ್ತದೆ!

ಹೂವಿನ ಮೇಲೆ ಅಪವಾದ ಹೊರಿಸುವಾಗ ಎಚ್ಚರವೂ ಬೇಕು. ಯುರೋಪಿನಲ್ಲಿ ಲಿಂಡೆನ್ ಎಂಬ ಸಾಲುಮರದ ಕೆಳಗೆ ಬೇಸಿಗೆಯಲ್ಲಿ ದುಂಬಿಗಳು ಸತ್ತು ಬಿದ್ದಿರುವುದನ್ನು ಜನ ಬಹುಕಾಲದಿಂದ ಕಂಡಿದ್ದಾರೆ. ಅದರ ಮಕರಂದದಲ್ಲಿ ಮ್ಯಾನೋಸ್ ಎಂಬ, ದುಂಬಿಗೆ ಅರಗದ ಸಕ್ಕರೆಯಿದೆಯೆಂದು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ೨೦೧೭ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಇಬ್ಬರು ವಿಜ್ಞಾನಿಗಳು ಹಳೆಯ ಆಧಾರಗಳನ್ನೆಲ್ಲ ಜಾಲಿಸಿ, ಮ್ಯಾನೋಸಿನ ಮಾತಿಗೆ ಬಲವಿಲ್ಲವೆಂದು ಹೇಳಿದರು. ಇದಕ್ಕೆ ನಾಲ್ಕು ವರ್ಷ ಹಿಂದೆ, ೨೦೧೩ರ ಜೂನ್ ತಿಂಗಳಲ್ಲಿ, ಅಮೆರಿಕದ ಆರೆಗಾನ್ ರಾಜ್ಯದ ವಿಲ್ಸನ್‌ವಿಲ್ ಎಂಬ ಊರಿನಲ್ಲಿ ಕಾರು ನಿಲ್ಲಿಸುವ ಬಯಲೊಂದರ ಲಿಂಡೆನ್ ಮರಗಳ ಕೆಳಗೆ ಸುಮಾರು ೫೦,೦೦೦ ದುಂಬಿಗಳು ಸತ್ತು ಬಿದ್ದವು. ವಿಚಾರಿಸಿದಾಗ ಹೊರಬಿದ್ದದ್ದೇನು? ಹೇನುಹುಳುವನ್ನು ಕೊಲ್ಲಲೆಂದು ಹೂ ಬಿಟ್ಟಿದ್ದ ಮರಕ್ಕೆ ಕೀಟನಾಶಕವನ್ನು ಸಿಂಪಡಿಸಿದ್ದರು. ಅಲ್ಲಿ ವಿಷವನ್ನು ಹೂವಿಗೆ ಹಾಕಿದವನು ಮನುಷ್ಯ. ಹೂವಿನ ಸಹಜವಾದ ವಿಷಕ್ಕೆ ತಕ್ಕಂತೆ ಆ ನೆಲದ ಹುಳುಗಳು ಲಕ್ಷಾಂತರ ವರ್ಷಗಳಲ್ಲಿ ಹೊಂದಿಕೊಂಡಾವು. ಒಂದು ಬೆಳಗಿನಲ್ಲಿ ಸಿಂಪಡಿಸಿದ್ದಕ್ಕೆ ಹೊಂದಿಕೊಳ್ಳಲು ಅವಕಾಶವೆಲ್ಲಿ?

ಇನ್ನು ಆ ಹುಡುಗ ತಂದಿಟ್ಟ ಹೂವಿಗೆ ಬರೋಣ. ನೀರುಕಾಯಿ ಮರ ನಮ್ಮದಲ್ಲ, ಆಫ್ರಿಕದ ಉಷ್ಣವಲಯದ್ದು. ಶಾಸ್ತ್ರೀಯವಾಗಿ ಅದಕ್ಕೆ ಸ್ಪ್ಯಾಥೋಡಿಯ ಎಂದು ಹೆಸರು. ಅದರ ಮೊಗ್ಗಿನಲ್ಲಿ ನೀರು ತುಂಬಿರುತ್ತದೆ. ಮಕ್ಕಳು ತುದಿ ಮುರಿದು ಪಿಚಕಾರಿಯಂತೆ ಒಬ್ಬರ ಮೇಲೊಬ್ಬರು ಚಿಮ್ಮಿಸುತ್ತಾರೆ. ತವರಿನಲ್ಲಿ ಅದರ ಹೂವನ್ನು ಮುಖ್ಯವಾಗಿ ಸೇವಿಸುವುದು ಹಕ್ಕಿಗಳು. ಇಲ್ಲಿಯೂ ಸೂರಕ್ಕಿಗಳು ಅದಕ್ಕೆ ಬರುತ್ತವೆ, ಹಾಯಾಗಿ ಹೋಗುತ್ತವೆ. ಅಂದಕ್ಕಾಗಿ ಉಷ್ಣದೇಶಗಳಿಗೆಲ್ಲ ಈ ಮರ ಹಬ್ಬಿತು. ಬೆಂಗಳೂರಿನ ಬೀದಿಗಳಲ್ಲಿ ಇದನ್ನು ನೋಡದವರಿಲ್ಲ.

ಬ್ರೆಜಿಲ್ ದೇಶದಲ್ಲಿ ನಮ್ಮ ಮುಜಂಟಿಯ ದಾಯಾದಿಗಳಾದ ಕೊಂಡಿಯಿಲ್ಲದ ಜೇನುಗಳು ಅನೇಕ ಜಾತಿಯವಿವೆ. ಅವುಗಳನ್ನು ಸಾಕುವ ಪದ್ಧತಿಯೂ ಹಳೆಯದು. ಅಲ್ಲಿ ಈ ಹೂವಿನೊಳಗೆ ಅಂಥ ಜೇನುಗಳು ರಾಶಿಯಾಗಿ ಸತ್ತಿರುವುದನ್ನು ವಿಜ್ಞಾನಿಗಳು ಎಣಿಸಿ ದಾಖಲಿಸಿದ್ದಾರೆ. ಕೊಲ್ಲುವುದು ಅಂಟುದ್ರವವೇ, ಮಕರಂದವೇ, ಪರಾಗವೇ ಎಂಬುದರಲ್ಲಿ ಚರ್ಚೆ ನಡೆದಿದೆ. ಆ ದೇಶದ ಸಾಂಟ ಕಟರೀನ ರಾಜ್ಯವು ೨೦೧೯ರಲ್ಲಿ ಈ ಮರದ ಸಸಿಗಳನ್ನು ಬೆಳೆಸುವುದನ್ನೂ ನೆಡುವುದನ್ನೂ ಕಾನೂನಿನಿಂದ ನಿಷೇಧಿಸಿತು. ಜೇನಿನ ಸಾವಿಗಾಗಿ ಒಂದು ಹೂವಿನ ಮೇಲೆ ಶಾಸನವಾಯಿತು! ಮರುಳು ಜೇನಿಗೆ ಹೆದರಿ ಕಪ್ಪದ ಪಟ್ಟಿಯಿಂದ ತುಪ್ಪವನ್ನು ಬಿಟ್ಟ ರೋಮನ್ನರ ಕಾಲದಿಂದ ಇಲ್ಲಿಗೆ ಎಷ್ಟು ದೂರ ಬಂದೆವು ಎಂಬುದನ್ನು ವಾಚಕರೇ ಎಣಿಸಬಹುದು.

ಇಷ್ಟನ್ನು ಓದಿ ತಿಳಿದ ಮೇಲೆ ನಮ್ಮ ಶಾಲೆಯ ಮರಗಳ ಗತಿ ಏನಾಗಬೇಕು ಎಂಬ ಪ್ರಶ್ನೆ ಬಂತು. ಕಡಿದುಹಾಕುವುದೇ ಸರಿ ಎಂದು ಒಂದು ದಿನ ನನಗೇ ತೋರಿತ್ತು. ಆದರೆ ಮಕ್ಕಳು ಅದರ ನೆರಳಿನಲ್ಲಿ ಕುಳಿತು ಊಟ ಮಾಡುತ್ತಿದ್ದರು, ಸೂರಕ್ಕಿಗಳು ಬರುತ್ತಿದ್ದವು. ಹುಡುಗನ ತಾತನವರನ್ನು ಕಂಡು ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕ ಹಾಗೆ ಮಾಡಿ, "ಮರ ಕಡಿಯೋದು ಆಮೇಲಾಗ್ಲಿ ಮೇಷ್ಟ್ರೇ, ಮೊದಲು ಹುಳ ತಿನ್ನೋವಂಥದ್ದು ಏನಾದ್ರೂ ನೆಡಿ. ಬೇರೆ ಊಟ ಇದ್ರೆ ಅದು ಯಾಕೆ ಅಲ್ಲಿಗೆ ಹೋಗುತ್ತೆ?" ಎಂದರು. ಕ್ಯಾಲಿಫೋರ್ನಿಯದ ಬಕಾಯ್ ಮರದ ವಿಚಾರವನ್ನು ಅವರು ಕೇಳಿದವರಲ್ಲ. ಉಳಿದ ಹೂಗಳು ಬಾಡಿದಾಗಲೇ ಅಲ್ಲಿನ ಜೇನು ವಿಷದ ಹೂವಿಗೆ ಮುತ್ತಿತು ಎಂಬುದನ್ನು ನಾನು ಪುಸ್ತಕದಲ್ಲಿ ಓದಿಯೂ ಇದರ ಅರ್ಥವನ್ನು ಅಷ್ಟು ಸರಳವಾಗಿ ತೆಗೆದಿರಲಿಲ್ಲ.

ಅದೇ ಮಳೆಗಾಲದಲ್ಲಿ ಶಾಲೆಯ ಹಿಂದಿನ ಬೇಲಿಗುಂಟ ಹೊಂಗೆ, ನೇರಳೆ, ಅಂಟುವಾಳದ ಸಸಿಗಳನ್ನು ಹಾಕಿದೆವು. ನೀರೆರೆಯುವ ಹೊಣೆಯನ್ನು ಆ ಹುಡುಗ ಮತ್ತು ಅವನ ಗೆಳೆಯರು ಹೊತ್ತುಕೊಂಡರು. ಮರುವರ್ಷದ ಗಾಳಿಮಳೆಗೆ ನೀರುಕಾಯಿ ಮರಗಳಲ್ಲಿ ಒಂದು ಬುಡಮೇಲಾಯಿತು. ಅದರ ಜಾಗದಲ್ಲಿಯೂ ಹೊಂಗೆಯನ್ನೇ ನೆಟ್ಟೆವು. ಉಳಿದ ಮೂರು ಇನ್ನೂ ಇವೆ. ಪಟ್ಟಣದ ಮನೆಗಳ ಮುಂದೆ, ಬಡಾವಣೆಯ ಉದ್ಯಾನದಲ್ಲಿ ಸಸಿ ನೆಡುವವರು ಹೂವಿನ ಬಣ್ಣವನ್ನು ಕೇಳುವಾಗ, ಅದನ್ನು ಉಣ್ಣಲು ಯಾರು ಬರುತ್ತಾರೆ ಎಂಬುದನ್ನೂ ಒಮ್ಮೆ ಕೇಳಿದರೆ ಒಳಿತು. ಗೊತ್ತಿಲ್ಲದಿದ್ದರೆ ಹೂ ಬಿಟ್ಟ ಮೇಲೆ ಒಂದು ಬೆಳಗ್ಗೆ ಅದರೊಳಗೆ ಇಣಿಕಿ ನೋಡಬಹುದು. ನಾನು ನೋಡದೆ ಕಳೆದ ವರ್ಷಗಳು ಬಹಳ. ಮರಕ್ಕೆ ಔಷಧ ಹೊಡೆಸುವವರು ಅದು ಹೂವಿನಲ್ಲಿರುವಾಗ ಹೊಡೆಸದಿದ್ದರೆ ಅಷ್ಟೇ ಒಳಿತು.

ಸಂಪಗೆಯ ಕವಿಸಮಯವನ್ನು ಈಗಲೂ ಪಾಠ ಹೇಳುತ್ತೇನೆ. ಆದರೆ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ: ನಿಮ್ಮ ಬೀದಿಯ ಒಂದು ಹೂವಿನ ಮರದ ಕೆಳಗೆ ಅರ್ಧ ಗಂಟೆ ಕುಳಿತು, ಯಾವ ಯಾವ ಹುಳು ಬಂದವು, ಬಂದವು ತಿರುಗಿ ಹೋದವೆ ಎಂದು ಬರೆದುಕೊಂಡು ಬನ್ನಿ ಎಂದು. ಕಳೆದ ಸಾರಿ ಒಬ್ಬ ಹುಡುಗಿ ಸಂಪಗೆಯ ಮರದ ಕೆಳಗೇ ಕುಳಿತು ಬಂದಿದ್ದಳು. ಅವಳ ಪಟ್ಟಿಯಲ್ಲಿ ಇರುವೆ, ಒಂದು ಬಗೆಯ ಸಣ್ಣ ಜೀರುಂಡೆಗಳಿದ್ದವು. ತುಂಬಿಯ ಹೆಸರಿನ ಮುಂದೆ ಅವಳು, "ಇವತ್ತು ಬರಲಿಲ್ಲ, ನಾಳೆ ನೋಡುತ್ತೇನೆ" ಎಂದು ಬರೆದಿದ್ದಳು.